ಎಡವಟ್ಟು ಗಾಡಿ

ಶೆಡ್ಡಿನ ಹಿಂದಿನ ಮೂಲೆಯಲ್ಲಿ ಧೂಳು ಹೊದ್ದು ನಿಂತಿದ್ದ ಲಾರಿಗೆ ಎಡವಟ್ಟು ಎಂದು ಹೆಸರಿಟ್ಟವರು ಅತ್ತೆ. ಅದರ ಸ್ಟೀರಿಂಗ್ ಎಡಗಡೆಗಿತ್ತು ಎನ್ನುವುದು ಅರ್ಧ ಕಾರಣ. ಓಡಿಸಲು ಹತ್ತಿದವರೆಲ್ಲ ಏನಾದರೊಂದು ಎಡವಟ್ಟು ಮಾಡಿಕೊಂಡೇ ಇಳಿಯುತ್ತಿದ್ದರು ಎನ್ನುವುದು ಇನ್ನರ್ಧ. ರಸ್ತೆಯ ಎಡಕ್ಕೆ ಗಾಡಿ ಓಡಿಸುವ ಊರದು, ಅಲ್ಲಿ ಎಲ್ಲ ಗಾಡಿಗಳ ಸ್ಟೀರಿಂಗೂ ಬಲಕ್ಕೇ. ಈ ಲಾರಿ ಮಾತ್ರ ಬಲಕ್ಕೆ ಓಡಿಸುವ ಯಾವುದೋ ದೇಶಕ್ಕೆಂದು ಮಾಡಿದ್ದು, ಬಂದರಿನ ಹರಾಜಿನಲ್ಲಿ ಮಾವನ ಕಣ್ಣಿಗೆ ಬಿದ್ದಿತ್ತು. ಮಾವ ಎಂಜಿನ್ ನೋಡಿದರು, ಹಿಂದಿನ ಕ್ರೇನ್ ನೋಡಿದರು, ಟೈರುಗಳನ್ನು ಒಂದೊಂದಾಗಿ ಒದ್ದು ನೋಡಿದರು. ವ್ಯಾಪಾರವೆಲ್ಲ ಮುಗಿದು, ಮನೆಗೆ ತರಲೆಂದು ಬಾಗಿಲು ತೆಗೆದು ಹತ್ತಿ ಕೂತರೆ ಎದುರಿಗೆ ಸ್ಟೀರಿಂಗೇ ಇರಲಿಲ್ಲ.

"ಅವರಿಗೆ ಮಂಚದ ಕೆಳಗೆ ಬಿದ್ದ ಸೂಜಿ ಕಾಣ್ತಿತ್ತು, ಮಂಚ ಕಾಣ್ತಿರ್ಲಿಲ್ಲ" ಎಂದು ಅತ್ತೆ ಈಗಲೂ ಹೇಳುತ್ತಿದ್ದರು. ಮಾವ ಹೋಗಿ ಎಷ್ಟೋ ವರ್ಷವಾಗಿತ್ತು. ಲಾರಿ ಉಳಿದಿತ್ತು. ಕೊಳ್ಳುವವರಿಲ್ಲ, ಗುಜರಿಗೆ ಹಾಕಲು ಅತ್ತೆಗೆ ಮನಸ್ಸಿಲ್ಲ.

ಆ ಶೆಡ್ಡಿನ ಕೆಲಸವೆಂದರೆ ಕೆಟ್ಟು ನಿಂತ ಗಾಡಿಗಳನ್ನು ಎಳೆದು ತರುವುದು. ರಿಪೇರಿ ಅತ್ತೆಯ ಮಗನದು, ಎಳೆಯುವುದು ಅವನ ಹೆಂಡತಿಯದು. ಕೆಟ್ಟ ಬಸ್ಸು, ಮಗುಚಿದ ಟೆಂಪೊ, ಚರಂಡಿಗೆ ಮುಖ ಕೊಟ್ಟ ಕಾರು, ಏನೇ ಇರಲಿ, ಸರಪಳಿ ಹೆಗಲಿಗೆ ಹಾಕಿಕೊಂಡು ಲಾರಿಯಿಂದ ಇಳಿದು ಬರುವ ಆ ಹೆಂಗಸನ್ನು ನೋಡಿ ಊರಿನ ಡ್ರೈವರುಗಳು ಸರಪಳಿ ಅಕ್ಕ ಎಂದು ಕರೆಯತೊಡಗಿದ್ದರು. ಆ ಹೆಸರು ಅವಳಿಗೆ ಎಷ್ಟು ಹಿಡಿಸಿತ್ತೆಂದರೆ, ಯಾರಾದರೂ ನಿಜವಾದ ಹೆಸರು ಹಿಡಿದು ಕರೆದರೆ ತಿರುಗಿಯೂ ನೋಡುತ್ತಿರಲಿಲ್ಲ. ಗಂಡನಿಗೆ ಎಂಥ ಎಂಜಿನ್ನನ್ನೂ ಬಿಚ್ಚಿ ಜೋಡಿಸುವ ಕೈಚಳಕವಿತ್ತು, ಆದರೆ ಗಾಡಿಯನ್ನು ರಸ್ತೆಗಿಳಿಸಿದರೆ ಬೆವರುತ್ತಿದ್ದ. "ನಾನು ಡಾಕ್ಟ್ರು, ಇವಳು ಆಂಬುಲೆನ್ಸು" ಎಂದು ಹೇಳಿ ತಪ್ಪಿಸಿಕೊಳ್ಳುತ್ತಿದ್ದ.

ಹೀಗಿರುವಾಗ ಒಂದು ದಿನ ಸರಪಳಿಯೇ ಕೈಕೊಟ್ಟಿತು. ಹಾಗೆ ಹೇಳುವುದೂ ತಪ್ಪು, ಕೈ ತೆಗೆದುಕೊಂಡಿತು. ಲಾರಿಯ ಹಿಂದಿನ ಎಳೆಯುವ ಯಂತ್ರಕ್ಕೆ ಸುತ್ತಿದ್ದ ಸರಪಳಿ ಜಾರಿದ್ದನ್ನು ಸರಿಮಾಡಲು ಅವಳು ಎಡಗೈ ಚಾಚಿದಳು. ಅವಳ ಕೈ ಅಲ್ಲಿರುವುದು ಕಾಣದೆ ಗಂಡ ಯಂತ್ರದ ಗುಂಡಿ ಒತ್ತಿದ. ಮೂಳೆಗಳು ಕೂಡಿಕೊಂಡವು, ಬೆರಳುಗಳು ಉಳಿದವು, ಆದರೆ ಮಡಚಿಕೊಳ್ಳುವ ಶಕ್ತಿ ಹೋಯಿತು. ಆ ಕೈ ಒತ್ತುತ್ತಿತ್ತು, ತಳ್ಳುತ್ತಿತ್ತು, ಹಿಡಿಯುತ್ತಿರಲಿಲ್ಲ. ಬಲಕ್ಕೆ ಸ್ಟೀರಿಂಗ್ ಇರುವ ಲಾರಿಯಲ್ಲಿ ಗೇರು ಇರುವುದು ಎಡಗೈಗೆ. ಗೇರಿನ ಕೋಲನ್ನು ಹಿಡಿದು ಎಳೆಯಬೇಕು. ಹಿಡಿಯಲಾರದ ಕೈಯಲ್ಲಿ ಏನು ಎಳೆಯುವುದು?

ಗೇರಿಲ್ಲದ ಕಾರು ಸಿಗುತ್ತದಲ್ಲ ಎಂದು ನೋಡಲು ಬಂದವರು ಬುದ್ಧಿ ಹೇಳಿದರು. ಕಾರೇನೋ ಸಿಗುತ್ತದೆ, ಕೆಟ್ಟ ಬಸ್ಸನ್ನು ಕಾರಿಗೆ ಕಟ್ಟಿ ಎಳೆಯಲಾಗುತ್ತದೆಯೇ? ಗಾಯದ ಮೇಲೆ ಬರೆ ಎಂಬಂತೆ ಸಾರಿಗೆ ಕಚೇರಿಯಿಂದ ಕರೆ ಬಂತು. ಕೈಗೆ ಪೆಟ್ಟಾಗಿರುವುದರಿಂದ ಭಾರಿ ವಾಹನ ಓಡಿಸಿ ತೋರಿಸಬೇಕು, ತೋರಿಸಲಾಗದಿದ್ದರೆ ಲೈಸೆನ್ಸು ಶಾಶ್ವತವಾಗಿ ರದ್ದು. ಪರೀಕ್ಷೆಗೆ ಇನ್ನು ಒಂದೂವರೆ ತಿಂಗಳಿತ್ತು.

ಗಂಡ ಒಬ್ಬ ಬದಲಿ ಡ್ರೈವರನ್ನು ಇಟ್ಟುಕೊಂಡ. ಅವನು ಒಳ್ಳೆಯವನೇ, ಹೊತ್ತಿಗೆ ಸರಿಯಾಗಿ ಬರುತ್ತಿದ್ದ, ಕುಡಿಯುತ್ತಿರಲಿಲ್ಲ. ಆದರೆ ಗೇರು ಬದಲಾಯಿಸಿದಾಗಲೆಲ್ಲ ಲಾರಿ ಹಲ್ಲು ಕಡಿಯುತ್ತಿತ್ತು. ಅಡುಗೆಮನೆಯಲ್ಲಿ ನಿಂತಿದ್ದ ಅವಳಿಗೆ ಆ ಸದ್ದು ಕೇಳಿದರೆ ಸಂಕಟ. ಎಡಗೈ ತನ್ನಷ್ಟಕ್ಕೆ ತಾನೇ ಅಲುಗುತ್ತಿತ್ತು, ಈಗ ಎರಡನೆಯದು, ಈಗ ಮೂರನೆಯದು ಎಂದು. ತನ್ನ ಗಾಡಿಯನ್ನು ಇನ್ನೊಬ್ಬರು ಓಡಿಸುವುದನ್ನು ಕೇಳುತ್ತ ಬದುಕುವುದಕ್ಕಿಂತ ಕಿವಿಯೇ ಹೋಗಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಅನ್ನಿಸುತ್ತಿತ್ತು.

ಒಂದು ಮಧ್ಯಾಹ್ನ ಅಳು ತಡೆಯಲಾಗದೆ ಶೆಡ್ಡಿನ ಹಿಂದಕ್ಕೆ ಹೋದಳು. ಯಾರೂ ಹುಡುಕಿಕೊಂಡು ಬರದ ಜಾಗವೆಂದರೆ ಎಡವಟ್ಟಿನ ಹೊಟ್ಟೆ. ಬಾಗಿಲು ತೆಗೆದು ಹತ್ತಿ, ಎಡಗಡೆಯ ಸೀಟಿನಲ್ಲಿ ಕೂತು, ಸ್ಟೀರಿಂಗ್ ಮೇಲೆ ತಲೆಯಿಟ್ಟು ಮನಸಾರೆ ಅತ್ತಳು. ಅತ್ತು ಮುಗಿದ ಮೇಲೆ ಮೂಗು ಒರೆಸಿಕೊಂಡು, ದಣಿದ ಬಲಗೈಯನ್ನು ಪಕ್ಕಕ್ಕೆ ಇಳಿಬಿಟ್ಟಳು. ಅದು ಹೋಗಿ ಗೇರಿನ ಕೋಲಿನ ಮೇಲೆ ಕೂತಿತು.

ಅವಳು ಕೈಯನ್ನೇ ನೋಡಿದಳು. ಬೆರಳುಗಳು ಮಡಚಿಕೊಂಡು ಗುಂಡನ್ನು ಹಿಡಿದಿದ್ದವು. ಉಸಿರು ಬಿಗಿಹಿಡಿದು ಕಾಲು ಚಾಚಿದಳು. ಇಲ್ಲಿ ಕಾಲಿನ ಲೆಕ್ಕವೂ ತಲೆಕೆಳಗಾಗಿದ್ದರೆ ಏನು ಗತಿ ಎಂದು ಭಯ. ಕಾಲಿಗೇನೂ ಬದಲಾಗಿರಲಿಲ್ಲ. ಎಡಕ್ಕೆ ಕ್ಲಚ್ಚು, ನಡುವೆ ಬ್ರೇಕು, ಬಲಕ್ಕೆ ಆಕ್ಸಿಲರೇಟರು, ಎಲ್ಲ ಅವಳ ಲಾರಿಯಲ್ಲಿದ್ದ ಹಾಗೆಯೇ. ಬದಲಾಗಿದ್ದೆಲ್ಲ ಕೈಗೆ. ಇಂಡಿಕೇಟರಿನ ಕಡ್ಡಿ ಬಲಕ್ಕಿರುವ ಬದಲು ಎಡಕ್ಕಿತ್ತು. ಹಿಡಿಯಬೇಕಾಗಿಲ್ಲ, ಮೇಲಕ್ಕೋ ಕೆಳಕ್ಕೋ ತಳ್ಳಿದರೆ ಸಾಕು. ಎಡ ಅಂಗೈಯ ಹಿಂಬದಿಯಿಂದ ತಳ್ಳಿದಳು. ಕಡ್ಡಿ ಟಕ್ಕೆಂದು ಕೆಳಗಿಳಿಯಿತು. ಹಿಡಿಯುವ ಕೆಲಸವೆಲ್ಲ ಒಳ್ಳೆಯ ಕೈಗೆ, ತಳ್ಳುವ ಕೆಲಸವೆಲ್ಲ ಕೆಟ್ಟ ಕೈಗೆ. ಅವಳ ಅಳತೆ ತೆಗೆದುಕೊಂಡು ಹೊಲಿದ ಹಾಗಿತ್ತು ಆ ಗಾಡಿ.

ಬಾಗಿಲ ಹತ್ತಿರ ಕೆಮ್ಮಿದ ಸದ್ದಾಯಿತು. ಅತ್ತೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

"ಅಳ್ತಾ ಇದ್ದೀಯೋ, ನಗ್ತಾ ಇದ್ದೀಯೋ?"

"ಅತ್ತೆ, ಮಾವ ಈ ಗಾಡೀನ ನೋಡದೆ ತಂದಿದ್ದಲ್ಲ. ನನಗೋಸ್ಕರ ತಂದಿದ್ದು."

"ಅವರಿಗೆ ಅಷ್ಟು ಬುದ್ಧಿ ಇದ್ದಿದ್ರೆ ನಾನು ಹಿಂಗ್ಯಾಕಿರ್ತಿದ್ದೆ?" ಎಂದರು ಅತ್ತೆ. ವಿಷಯವೇನೆಂದು ಕೇಳಿ ತಿಳಿದ ಮೇಲೆ ಮಾತ್ರ ಲಾರಿಯ ಬಾನೆಟ್ಟನ್ನು ಸೆರಗಿನ ತುದಿಯಿಂದ ಒರೆಸತೊಡಗಿದರು.

ಗಂಡ ಒಪ್ಪಲಿಲ್ಲ. "ಬೇಡ ಅಂದ್ರೆ ಬೇಡ. ಎರಡು ಕೈ ನೆಟ್ಟಗಿದ್ದವರೇ ಅದರಲ್ಲಿ ಗೇಟಿನ ಕಂಬ ಕೆಡವಿದ್ದಾರೆ."

"ಕುಣಿಯಕ್ಕೆ ಬಾರದವಳು ನೆಲ ಡೊಂಕು ಅಂದ್ಲಂತೆ. ಅವರಿಗೆ ಓಡಿಸೋಕೆ ಬರ್ಲಿಲ್ಲ, ಗಾಡಿ ಏನ್ರೀ ಮಾಡುತ್ತೆ?"

"ನಿನಗೆ ಮತ್ತೇನಾದ್ರೂ ಆದ್ರೆ?" ಎಂದ ಅವನು. ಅವಳ ಮುಖ ನೋಡಲಿಲ್ಲ, ಕೈಯನ್ನು ನೋಡಿದ. "ಒಂದು ಸಲ ನನ್ನ ಕೈಯಿಂದಲೇ ಆಗಿದ್ದು ಸಾಲದಾ?"

ಅಷ್ಟು ದಿನದಲ್ಲಿ ಅವನು ಆ ಮಾತು ಬಾಯಿಬಿಟ್ಟು ಆಡಿದ್ದು ಅದೇ ಮೊದಲು. ಅವಳಿಗೆ ಅವನ ಮೇಲೆ ಸಿಟ್ಟಿರಲಿಲ್ಲ, ಎಂದೂ ಇರಲಿಲ್ಲ. ಅವನ ಭಯವನ್ನು ತನ್ನ ತಲೆಗೆ ಕಟ್ಟುತ್ತಿದ್ದಾನಲ್ಲ ಎನ್ನುವುದಕ್ಕೆ ಮಾತ್ರ ಸಿಟ್ಟು ಬಂತು.

"ಆಗಿದ್ದು ಆಗಿಹೋಯ್ತು. ನಿಮ್ಮ ಕೈಯಿಂದ ಹೋದದ್ದು ನನ್ನ ಎಡಗೈ. ಈಗ ಬಲಗೈಯನ್ನೂ ಕಟ್ಟಿಹಾಕ್ತೀರಾ?" ಎಂದು ಕೇಳಿದಳು.

ಗಂಡ ಎದ್ದು ಹೋದ. ಊಟಕ್ಕೂ ಬರಲಿಲ್ಲ. ಸಂಜೆ ನೋಡಿದರೆ ಎಡವಟ್ಟಿನ ಎಂಜಿನ್ ಬಿಚ್ಚಿ ಕೂತಿದ್ದ. ಮುಂದಿನ ವಾರವೆಲ್ಲ ಅದೇ ಕೆಲಸ. ಸ್ಟೀರಿಂಗಿಗೆ ಚರ್ಮದ ಪಟ್ಟಿಯೊಂದನ್ನು ಹೊಲಿದು, ಅದರೊಳಗೆ ಎಡ ಅಂಗೈ ತೂರಿಸಿದರೆ ಹಿಡಿಯದೆಯೂ ತಿರುಗಿಸಬಹುದಾದ ಹಾಗೆ ಮಾಡಿದ, ಎಳೆದರೆ ಕೈ ಸಲೀಸಾಗಿ ಹೊರಬರುವ ಹಾಗೂ ನೋಡಿಕೊಂಡ. ಹೆಡ್‌ಲೈಟುಗಳು ಎದುರಿನವರ ಕಣ್ಣಿಗೆ ಹೊಡೆಯುತ್ತಿದ್ದವು, ಅವನ್ನು ತೆಗೆದು ಬೇರೆ ಹಾಕಿದ. ಬಲ ಮೂಲೆಗೆ ಉದ್ದ ಕೈಯ ದೊಡ್ಡ ಕನ್ನಡಿ ಕೂರಿಸಿದ. ಹಿಂದುಗಡೆ "ಎಡಗಡೆ ಸ್ಟೀರಿಂಗ್" ಎಂದು ದೊಡ್ಡದಾಗಿ ಬರೆಸಬೇಕೆಂಬ ನಿಯಮವಿತ್ತು. ಬರೆಯುವವನಿಗೆ ಅತ್ತೆ ಏನು ಹೇಳಿದರೋ, ಅದರ ಕೆಳಗೆ ಚಿಕ್ಕದಾಗಿ "ಎಡವಟ್ಟು" ಎಂದೂ ಬಂತು.

ಗಾಡಿ ಸಿದ್ಧವಾಯಿತು, ಡ್ರೈವರ್ ಸಿದ್ಧಳಾಗಿರಲಿಲ್ಲ. ಮೈಗೆ ಹತ್ತಿದ ಅಭ್ಯಾಸ ಬಿಡಬೇಕಲ್ಲ. ಮೊದಲ ದಿನ ಎರಡನೇ ಗೇರಿಗೆ ಹಾಕಲು ಹೋಗಿ ಎಡಗೈಯಿಂದ ಬಾಗಿಲನ್ನು ಗುದ್ದಿಕೊಂಡಳು. ತಿರುವಿನಲ್ಲಿ ಸಿಗ್ನಲ್ ಕೊಡುತ್ತೇನೆಂದು ವೈಪರ್ ಹಾಕಿದಳು, ಉರಿಬಿಸಿಲಿನಲ್ಲಿ ವೈಪರ್ ಕಿರಿಕಿರಿ ಎನ್ನುತ್ತ ಒಣ ಗಾಜು ಒರೆಸಿತು. ಒಂದನೇ ಗೇರು ಅವಳ ಹಳೆಯ ಲಾರಿಯಲ್ಲಿ ಮೈಯಿಂದ ದೂರಕ್ಕೆ ಹೋಗುತ್ತಿತ್ತು, ಇಲ್ಲಿ ತೊಡೆಯ ಹತ್ತಿರಕ್ಕೆ ಬರುತ್ತಿತ್ತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬ ಹಾಗೆ ಎರಡು ಕೈಗಳೂ ಎರಡು ದಿಕ್ಕಿಗೆ.

ಎಲ್ಲಕ್ಕಿಂತ ದೊಡ್ಡ ಕಷ್ಟ ಕಣ್ಣಿನದು. ಬಲಕ್ಕೆ ಕೂತು ಓಡಿಸುವಾಗ ಡ್ರೈವರ್ ಇರುವುದು ರಸ್ತೆಯ ನಡುವಿನ ಕಡೆ. ಅವಳ ಮೈ ಈಗಲೂ ಅದೇ ಜಾಗ ಹುಡುಕುತ್ತಿತ್ತು. ರಸ್ತೆಯ ಮೇಲೆ ತಾನು ಮೊದಲು ಇರುತ್ತಿದ್ದ ಜಾಗಕ್ಕೆ ತನ್ನನ್ನು ತಂದುಕೊಂಡಾಗಲೆಲ್ಲ ಪಕ್ಕದ ಖಾಲಿ ಸೀಟು, ಅದರೊಡನೆ ಅರ್ಧ ಲಾರಿ, ಎದುರಿನಿಂದ ಬರುವವರ ದಾರಿಗೆ ನುಗ್ಗುತ್ತಿತ್ತು. ಹಿಂದಿನವರು ಗೇಟಿನ ಕಂಬ ಕೆಡವಿದ್ದು ಏಕೆಂದು ಆಗ ಅವಳಿಗೆ ಅರ್ಥವಾಯಿತು.

ಆ ಖಾಲಿ ಸೀಟಿಗೆ ಅತ್ತೆ ಹತ್ತಿ ಕೂತರು. "ನಿನಗೆ ಬಲಗಡೆ ಕಾಣಲ್ಲ, ನನಗೆ ಕಾಣುತ್ತೆ. ಇಷ್ಟು ವರ್ಷ ನಿನ್ನ ತಪ್ಪು ನೋಡಿ ಅಭ್ಯಾಸ ಇದೆ."

ಊರಾಚೆಯ ಖಾಲಿ ರಸ್ತೆಯಲ್ಲಿ ಅತ್ತೆ ಸೊಸೆಯರ ಪಾಠ ಶುರುವಾಯಿತು. ಸ್ಟೀರಿಂಗ್ ಇರಬೇಕಾದ ಜಾಗದಲ್ಲಿ ಒಬ್ಬ ಮುದುಕಿ ಕೈಕಟ್ಟಿ ಕೂತಿರುವುದನ್ನು ಕಂಡು ಎದುರಿನ ಡ್ರೈವರುಗಳು ಹೌಹಾರಿ ದಾರಿ ಬಿಡುತ್ತಿದ್ದರು. ಅತ್ತೆಗೆ ಅದು ಎಷ್ಟು ಇಷ್ಟವಾಯಿತೆಂದರೆ, ಮೂರನೇ ದಿನದಿಂದ ಎದುರಿಗೆ ಗಾಡಿ ಬಂದಾಗ ಆಕಳಿಸಿ ತೋರಿಸತೊಡಗಿದರು.

"ನಡುರಸ್ತೆಗೆ ಹೋಗ್ತಾ ಇದ್ದೀಯ. ಎಡಕ್ಕೆ ಬಾ."

"ಎಡಕ್ಕೆ ಚರಂಡಿ ಇದೆ, ಅತ್ತೆ."

"ಇದೆ ಅಂತ ಕಾಣುತ್ತಲ್ಲ? ಕಾಣೋ ಚರಂಡಿಗೆ ಯಾರೂ ಬೀಳಲ್ಲ."

ಅತ್ತೆ ಅದನ್ನು ಜಗಳಕ್ಕೆಂದೇ ಹೇಳಿದ್ದರು. ಆದರೆ ಸೊಸೆ ಕಿಟಕಿಯಿಂದ ತಲೆ ಹಾಕಿ ನೋಡಿದಳು. ಮುಂದಿನ ಚಕ್ರ, ಅದರ ಪಕ್ಕದ ಮಣ್ಣು, ಚರಂಡಿಯ ಕಲ್ಲಿನ ಅಂಚು, ಎಲ್ಲ ಅವಳ ಮೂಗಿನ ಕೆಳಗೇ ಇತ್ತು. ಇಷ್ಟು ವರ್ಷ ಅಂದಾಜಿನ ಮೇಲೆ ಓಡಿಸಿದ ಎಡ ಅಂಚನ್ನು ಮೊದಲ ಸಲ ಕಣ್ಣಾರೆ ನೋಡುತ್ತಿದ್ದಳು. ಅಂದಿನಿಂದ ಅವಳು ರಸ್ತೆಯ ನಡುವನ್ನು ಹುಡುಕುವುದು ಬಿಟ್ಟು ಅಂಚನ್ನು ಹಿಡಿದಳು. ಎಡ ಚಕ್ರ ಅಂಚಿಗೆ ಸರಿಯಾಗಿದ್ದರೆ ಬಲಗಡೆಯದು ತಾನೇ ಸರಿಯಾಗಿರುತ್ತದೆ. ಕೈಗಳೂ ನಿಧಾನವಾಗಿ ಸಂಸಾರ ಹೂಡಿದವು. ವೈಪರ್ ಬಿಸಿಲಿನಲ್ಲಿ ಆಡುವುದು ನಿಂತಿತು.

ಪರೀಕ್ಷೆಯ ದಿನ ಬಂದ ಪರೀಕ್ಷಕರು ಸಣಕಲು ಮನುಷ್ಯ, ನಗು ಎಂದರೆ ಖರ್ಚು ಎಂದುಕೊಂಡವರಂತಿದ್ದರು. ಅಭ್ಯಾಸಬಲದಿಂದ ಎಡಗಡೆಯ ಬಾಗಿಲು ತೆಗೆದು ಹತ್ತಹೋದವರಿಗೆ ಸ್ಟೀರಿಂಗ್ ಎದೆಗೆ ತಾಗಿತು.

"ಅದು ನನ್ನ ಸೀಟು, ಸರ್" ಎಂದಳು ಅವಳು.

ಅವರು ಸುತ್ತಿ ಬಂದು ಬಲಗಡೆ ಕೂತರು. ಮುಂದೆ ಸ್ಟೀರಿಂಗಿಲ್ಲ, ಕಾಲಿಗೆ ಬ್ರೇಕಿಲ್ಲ, ಎದುರಿನ ಗಾಡಿಗಳೆಲ್ಲ ತಮ್ಮ ಮೈಮೇಲೇ ಬರುತ್ತಿರುವಂತೆ ಕಾಣುತ್ತದೆ. ಪಾಪ, ಮೊದಲ ಚೌಕ ದಾಟುವಷ್ಟರಲ್ಲಿ ಅವರ ಬಲಗಾಲು ನೆಲವನ್ನು ಗಟ್ಟಿಯಾಗಿ ಒತ್ತಿ ಹಿಡಿದಿತ್ತು. ಅವಳು ಮಾತ್ರ ಹಾಯಾಗಿದ್ದಳು. ಚೌಕದಲ್ಲಿ ಸಿಗ್ನಲ್, ಏರಿನಲ್ಲಿ ನಿಲ್ಲಿಸಿ ಹೊರಡುವುದು, ಹಿಮ್ಮುಖವಾಗಿ ಓಣಿಗೆ ತಿರುಗಿಸುವುದು, ಒಂದೂ ತಪ್ಪಲಿಲ್ಲ. ಉಳಿದಿದ್ದು ಕಾಲುವೆ ಪಕ್ಕದ ರಸ್ತೆ, ಅದನ್ನು ದಾಟಿದರೆ ಕಚೇರಿ.

ಕಾಲುವೆ ರಸ್ತೆಯಲ್ಲಿ ಗಾಡಿಗಳು ಸಾಲಾಗಿ ನಿಂತಿದ್ದವು. ಮುಂದೆ ಬಸ್ಸೊಂದು ಆಕ್ಸಲ್ ಮುರಿದು, ಮೂತಿಯನ್ನು ಬಲಕ್ಕೆ ತಿರುಗಿಸಿಕೊಂಡು ಅಡ್ಡ ನಿಂತಿತ್ತು. ಬಲಗಡೆ ಗೋಡೆ. ಎಡಗಡೆ ಬಸ್ಸಿಗೂ ಕಾಲುವೆಗೂ ನಡುವೆ ಸಣ್ಣ ಪಟ್ಟಿಯಷ್ಟು ಜಾಗ. ಜನ ಇಳಿದು ಮಕ್ಕಳನ್ನೆತ್ತಿಕೊಂಡು ಬಿಸಿಲಿನಲ್ಲಿ ನಿಂತಿದ್ದರು. ಯಾರೂ ಆ ಪಟ್ಟಿಯಲ್ಲಿ ಹೋಗಲು ತಯಾರಿರಲಿಲ್ಲ. ಬಲಕ್ಕೆ ಕೂತವರಿಗೆ ತಮ್ಮ ಎಡ ಚಕ್ರ ಕಾಣುವುದಿಲ್ಲ, ಕಾಣದ ಚಕ್ರವನ್ನು ಕಾಲುವೆಯ ಅಂಚಿನಲ್ಲಿ ನಡೆಸುವ ಎದೆ ಯಾರಿಗಿದೆ?

ಬಸ್ಸಿನ ಡ್ರೈವರ್ ಅವಳನ್ನು ಕಂಡು ಓಡಿಬಂದ. "ಸರಪಳಿ ಅಕ್ಕ, ನೀವಾ? ದೇವರು ಬಂದ ಹಾಗೆ ಬಂದ್ರಿ. ಮುಂದಿಂದ ಎಳೆದ್ರೆ ನೆಟ್ಟಗಾಗುತ್ತೆ. ಆದ್ರೆ ಮುಂದಕ್ಕೆ ಬರೋದು ಹೆಂಗೆ?"

"ವಾಹನ ತಿರುಗಿಸಿ" ಎಂದರು ಪರೀಕ್ಷಕರು. "ಬೇರೆ ದಾರಿಯಿಂದ ಹೋಗೋಣ. ನಿಮ್ಮ ಪರೀಕ್ಷೆ ಹೆಚ್ಚುಕಮ್ಮಿ ಮುಗಿದಿದೆ."

ಅಂದರೆ ಪಾಸು. ಅವರ ದನಿಯಲ್ಲೇ ಅದು ಕೇಳಿಸಿತು. ತಿರುಗಿಸಿದರೆ ಲೈಸೆನ್ಸು ಕೈಯಲ್ಲಿ. ಅವಳ ಕೈ ಗೇರಿನ ಮೇಲಿತ್ತು. ಕೆಟ್ಟು ನಿಂತ ಬಸ್ಸನ್ನು ಕಂಡು ತಿರುಗಿ ಹೋಗುವುದಾದರೆ, ಆ ಲೈಸೆನ್ಸು ತೆಗೆದುಕೊಂಡು ಏನು ಮಾಡುವುದು?

"ಸರ್, ನಾನು ಲೈಸೆನ್ಸು ಕೇಳ್ತಿರೋದೇ ಈ ಕೆಲಸಕ್ಕೆ."

"ನಾನು ಹೇಳಿದ್ದಲ್ಲ ಇದು, ನೆನಪಿರಲಿ. ಒಂದು ಚಕ್ರ ಇಳಿದರೂ, ಒಂದು ಗೆರೆ ಬಿದ್ದರೂ ಫೇಲು. ಮತ್ತೆ ಅವಕಾಶ ಇಲ್ಲ."

"ಗೊತ್ತು, ಸರ್. ನೀವು ಬೇಕಾದ್ರೆ ಇಳೀರಿ."

ಪರೀಕ್ಷಕರು ಬಾಗಿಲ ಕಡೆ ನೋಡಿದರು, ಅವಳ ಕಡೆ ನೋಡಿದರು. ಇಳಿಯಲಿಲ್ಲ. ಅವರ ಬಗ್ಗೆ ಅವಳಿಗೆ ಗೌರವ ಹುಟ್ಟಿದ್ದು ಆಗ.

ಬಸ್ಸಿನ ಡ್ರೈವರ್ ಸಾಲಿನ ಗಾಡಿಗಳನ್ನು ಗೋಡೆಯ ಕಡೆಗೆ ಸರಿಸಿ ಲಾರಿಗೆ ದಾರಿ ಮಾಡಿಸಿದ, ಆ ಪಟ್ಟಿಯನ್ನು ಮೊಳ ಹಾಕಿ ಅಳೆದು ಬಂದ. "ಹಿಡಿಯುತ್ತೆ ಅಕ್ಕ. ಆದ್ರೆ ಎಡಗಡೆ ಒಂದು ಗೇಣು ಬಿಟ್ರೂ ಬಲಗಡೆ ಬಸ್ಸಿಗೆ ಉಜ್ಜುತ್ತೆ."

"ಸರ್, ನಿಮ್ಮ ಕಡೆ ಕನ್ನಡಿ ಮಡಚಿ" ಎಂದಳು. ಪರೀಕ್ಷಕರು ಕನ್ನಡಿ ಮಡಚಿ, ಯಾರೂ ಹೇಳದೆಯೇ ತಮ್ಮ ಮೊಣಕೈಯನ್ನೂ ಒಳಗೆಳೆದುಕೊಂಡರು.

ಒಂದನೇ ಗೇರು ತೊಡೆಯ ಹತ್ತಿರಕ್ಕೆ ಬಂದು ಸದ್ದಿಲ್ಲದೆ ಕೂತಿತು. ಅವಳು ತಲೆಯನ್ನು ಕಿಟಕಿಯಿಂದ ಹೊರಗಿಟ್ಟಳು. ಕೆಳಗೆ ಚಕ್ರ, ಚಕ್ರದ ಪಕ್ಕ ಕಾಲುವೆಯ ಕಲ್ಲು, ಕಲ್ಲಿನಾಚೆ ಕಪ್ಪು ನೀರು. ಬಸ್ಸನ್ನು ಅವಳು ನೋಡಲೇ ಇಲ್ಲ. ಚಕ್ರಕ್ಕೂ ಕಲ್ಲಿಗೂ ನಡುವೆ ಎರಡು ಬೆರಳಿನ ಜಾಗ, ಅಷ್ಟನ್ನೇ ಕಣ್ಣಲ್ಲಿ ಕಣ್ಣಿಟ್ಟು ಕಾಯ್ದಳು. ಕಲ್ಲು ಬಾಗಿದಲ್ಲಿ ಪಟ್ಟಿಯೊಳಗಿನ ಎಡ ಅಂಗೈ ಸ್ಟೀರಿಂಗನ್ನು ಕೂದಲೆಳೆಯಷ್ಟು ತಳ್ಳಿತು, ಕಲ್ಲು ನೆಟ್ಟಗಾದಲ್ಲಿ ಹಿಂದಕ್ಕೆ ತಂದಿತು. ಎಲ್ಲರೂ ಕೆಲಸಕ್ಕೆ ಬಾರದೆಂದು ಬಿಟ್ಟ ಕೈಯದು. ಕಲ್ಲಿನ ಪಕ್ಕದಲ್ಲಿದ್ದ ಜಲ್ಲಿಚೂರೊಂದು ಚಕ್ರದಡಿ ಸಿಡಿದು ನೀರಿಗೆ ಬಿತ್ತು. ಪರೀಕ್ಷಕರು ಕಿಟಕಿಯಾಚೆ ಬಸ್ಸಿನ ಮೊಳೆಗಳನ್ನು ಒಂದೊಂದಾಗಿ ನೋಡುತ್ತ ಹೋಗುತ್ತಿದ್ದರು, ಮೂಗು ಚಾಚಿದ್ದರೆ ತಾಗುತ್ತಿತ್ತು.

ಆಮೇಲೆ ಬಸ್ಸು ಹಿಂದಾಯಿತು, ರಸ್ತೆ ಅಗಲವಾಯಿತು. ಅವಳು ಲಾರಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದಳು, ಬಲಗೈಯಲ್ಲಿ.

ಪರೀಕ್ಷಕರು ಹಿಡಿದಿದ್ದ ಉಸಿರು ಬಿಟ್ಟರು. "ಒಂದು ಗೆರೆನೂ ಬೀಳಲಿಲ್ಲ" ಎಂದರು, ಯಾರಿಗೂ ಅಲ್ಲದ ಹಾಗೆ.

ಸರಪಳಿಯನ್ನು ಬಸ್ಸಿನ ಡ್ರೈವರ್ ಕೈಗೆ ಕೊಟ್ಟು ಕೊಂಡಿ ಎಲ್ಲಿ ಹಾಕಬೇಕೆಂದು ತೋರಿಸಿದಳು. "ಹಾಕಿ ಆದ್ಮೇಲೆ ದೂರ ಹೋಗಿ ನಿಂತು ಕೈ ಎತ್ತಿ. ಎರಡೂ ಕೈ. ಎರಡೂ ಕಾಣೋವರೆಗೆ ನಾನು ಗಾಡಿ ಅಲುಗಿಸಲ್ಲ." ಅವನು ಒಂದೇ ಕೈ ಎತ್ತಿದಾಗ ಅವಳು ನಿಜವಾಗಿಯೂ ಅಲುಗಿಸಲಿಲ್ಲ. ಎರಡೂ ಮೇಲೆ ಹೋದ ಮೇಲೆಯೇ ಕ್ಲಚ್ಚು ಬಿಟ್ಟಳು. ಎಡವಟ್ಟು ಒಮ್ಮೆ ಗುಡುಗಿತು, ಸರಪಳಿ ಬಿಗಿಯಾಯಿತು, ಬಸ್ಸಿನ ಮೂತಿ ನಿಧಾನವಾಗಿ ನೆಟ್ಟಗಾಗಿ, ಕುಂಟುತ್ತ ರಸ್ತೆಯ ಅಂಚಿಗೆ ಬಂತು. ಸಾಲಿನಲ್ಲಿದ್ದ ಅಷ್ಟೂ ಗಾಡಿಗಳು ಹಾರ್ನ್ ಹೊಡೆದವು. ಅಷ್ಟು ತಿಂಗಳು ಅಡುಗೆಮನೆಯ ಕಿಟಕಿಯಿಂದ ರಸ್ತೆ ನೋಡಿದ್ದವಳಿಗೆ ಆ ಗದ್ದಲ ಕೇಳಿ ಎದೆ ತುಂಬಿ ಬಂತು. ಹಾಲು ಕುಡಿದಷ್ಟು ಸಂತೋಷವಾಯಿತು.

ಕಚೇರಿಯಲ್ಲಿ ಪರೀಕ್ಷಕರು ಲೈಸೆನ್ಸಿನ ಮೇಲೆ ಏನೋ ಬರೆದು ಮುದ್ರೆ ಒತ್ತಿದರು. ಕೊಡುವಾಗ ಸ್ವಲ್ಪ ಸಂಕೋಚಪಟ್ಟರು. "ಒಂದು ಷರತ್ತು ಹಾಕಬೇಕಾಯ್ತಮ್ಮ. ಎಡಗಡೆ ಸ್ಟೀರಿಂಗ್ ಇರೋ ಗಾಡಿ ಮಾತ್ರ. ಬೇರೆ ಯಾವುದನ್ನೂ ನೀವು ಮುಟ್ಟೋ ಹಾಗಿಲ್ಲ. ನಿಮ್ಮ ಊರಲ್ಲಿ ಅಂಥವು ಎಷ್ಟಿವೆ?"

"ಒಂದೇ, ಸರ್."

"ಮತ್ತೆ?"

"ಒಂದು ಸಾಕು" ಎಂದಳು.

ಮನೆಗೆ ಬಂದು ಲೈಸೆನ್ಸನ್ನು ಅತ್ತೆಯ ಕೈಗಿಟ್ಟಳು. ಅತ್ತೆ ಷರತ್ತನ್ನು ಎರಡು ಸಲ ಓದಿಸಿಕೊಂಡು, "ಹಾಳೂರಿಗೆ ಉಳಿದವಳೇ ಗೌಡ್ತಿ ಅನ್ನು. ಎಡವಟ್ಟಿಗೆ ನೀನು, ನಿನಗೆ ಎಡವಟ್ಟು" ಎಂದರು. ನಗುತ್ತ ಹೇಳಹೋದವರು ಕಣ್ಣು ಒರೆಸಿಕೊಂಡು ಒಳಗೆ ಹೋದರು. ಗಂಡ ಲೈಸೆನ್ಸನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡುತ್ತ ನಿಂತ. ಗ್ರೀಸು ತಾಗೀತೆಂದು ಅಂಚನ್ನಷ್ಟೇ ಎರಡು ಬೆರಳಲ್ಲಿ ಹಿಡಿದಿದ್ದ. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು.

ಊರಾಚೆ ತರಕಾರಿ ಲಾರಿಯೊಂದು ಮಣ್ಣಿನಲ್ಲಿ ಹೂತುಹೋಗಿತ್ತು. ಬದಲಿ ಡ್ರೈವರ್ ಬೆಂಚಿನಿಂದ ಏಳಹೋದ. ಗಂಡ ಕೈಸನ್ನೆಯಲ್ಲಿ ಅವನನ್ನು ಕೂರಿಸಿದ.

"ತಡೀರಿ, ನಮ್ಮ ಡ್ರೈವರ್‌ನ ಕೇಳಿ ಹೇಳ್ತೀನಿ" ಎಂದು ಫೋನಿನಲ್ಲಿ ಹೇಳಿ, ಹೆಂಡತಿಯನ್ನು ಕೇಳಲು ತಿರುಗಿದ. ಅವಳು ಆಗಲೇ ಲಾರಿಯನ್ನು ಗೇರಿಗೆ ಹಾಕಿ, ಅವನು ಹತ್ತಲೆಂದು ಬಲಗಡೆಯ ಬಾಗಿಲು ತೆರೆದಿಟ್ಟು ಕಾಯುತ್ತಿದ್ದಳು.